ಒಂದು ಇನ್‌ಕ್ರಿಮೆಂಟು, ಹದಿನೆಂಟು ವರ್ಷ

ಆ ಪತ್ರ ಬಂದದ್ದು 2022ರ ಏಪ್ರಿಲ್‌ನಲ್ಲಿ. ಪರೀಕ್ಷೆ ಮುಗಿದು ಫಲಿತಾಂಶದ ಪಟ್ಟಿ ಬರೆಯುತ್ತಾ ಕೂತಿದ್ದೆ. ಜೂನ್ 30ಕ್ಕೆ ನನ್ನ ನಿವೃತ್ತಿ. 1994ರಲ್ಲಿ ಪ್ರಾಥಮಿಕ ಶಾಲೆಗೆ ಸೇರಿದವಳು, ಕೊನೆಯ ಹತ್ತು ಹನ್ನೊಂದು ವಾರ ಉಳಿದಿತ್ತು. ತಾಲ್ಲೂಕು ಕಚೇರಿಗೆ ಹೋಗಿದ್ದ ಮುಖ್ಯ ಶಿಕ್ಷಕರು ಒಂದು ಲಕೋಟೆ ತಂದುಕೊಟ್ಟರು. ಪಿಂಚಣಿ ಕಡತದ ವಿಷಯ ಇರಬೇಕು ಅಂತ ಸಂತೋಷದಿಂದಲೇ ತೆರೆದೆ.

ಒಂದೂವರೆ ಪುಟದ ಪತ್ರ. 2004ರಲ್ಲಿ ನನಗೆ ಹತ್ತು ವರ್ಷದ ಕಾಲಮಿತಿ ಬಡ್ತಿ, ಅಂದರೆ ಹತ್ತು ವರ್ಷ ಸೇವೆ ಮುಗಿಸಿದ್ದಕ್ಕೆ ಸಿಗುವ ಬಡ್ತಿ, ಕೊಡುವಾಗ ಒಂದು ಇನ್‌ಕ್ರಿಮೆಂಟ್ ಜಾಸ್ತಿ ಸೇರಿಹೋಗಿದೆಯಂತೆ. ಆಮೇಲೆ ಬಂದ ಪ್ರತಿ ವೇತನ ಪರಿಷ್ಕರಣೆಯಲ್ಲೂ ಆ ತಪ್ಪು ಹಾಗೇ ಮುಂದುವರಿದಿದೆಯಂತೆ. ಹದಿನೆಂಟು ವರ್ಷದ ಲೆಕ್ಕ ಹಾಕಿ ಕೊನೆಯಲ್ಲಿ ಒಂದು ಮೊತ್ತ ಬರೆದಿದ್ದರು: 1,21,480 ರೂಪಾಯಿ. ಇದನ್ನು ನನ್ನ ನಿವೃತ್ತಿ ಉಪದಾನದಿಂದ, ಅಂದರೆ ನಾವೆಲ್ಲ ಡಿಸಿಆರ್‌ಜಿ ಅನ್ನುವ ಹಣದಿಂದ, ಕಟಾಯಿಸಿಕೊಳ್ಳಲಾಗುವುದು ಎಂದಿತ್ತು.

ಪತ್ರ ಓದಿ ನನಗೆ ಮೊದಲು ಆದದ್ದು ಕೋಪ ಅಲ್ಲ, ನಾಚಿಕೆ. ಇಷ್ಟು ವರ್ಷ ನನ್ನದಲ್ಲದ ದುಡ್ಡು ತಿಂದೆನಾ ಅನ್ನಿಸಿತು. ಅಂಗಡಿಯವನು ಚಿಲ್ಲರೆ ಜಾಸ್ತಿ ಕೊಟ್ಟರೆ ವಾಪಸ್ ಕೊಡಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟವಳು ನಾನು. ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರಿಗೆ ಪತ್ರ ತೋರಿಸಿದೆ. ಅವರು ಎರಡು ಸಲ ಓದಿದರು. "ವೇತನ ನಿಗದಿ ಮಾಡಿದ್ದು ನೀನಾ? ಬಿಲ್ಲು ಬರೆದದ್ದು ನೀನಾ?" ಅಂತ ಕೇಳಿದರು. ಅಲ್ಲ. "ನೀನು ಏನಾದರೂ ಸುಳ್ಳು ಮಾಹಿತಿ ಕೊಟ್ಟಿದ್ಯಾ?" ಇಲ್ಲ. "ಮತ್ತೆ ಯಾಕೆ ಹೀಗೆ ಮುಖ ಸಣ್ಣ ಮಾಡ್ಕೊಂಡಿದ್ದೀಯ?" ಅಂದರು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಯ ಅರ್ಧಕ್ಕೆ ಇನ್ನೂ ಶೀಟು. ಡಿಸಿಆರ್‌ಜಿ ಬಂದ ಮೇಲೆ ತಾರಸಿ ಹಾಕಿಸುವುದು ಅಂತ ಮೇಸ್ತ್ರಿಗೂ ಹೇಳಿಟ್ಟಿದ್ದೆವು.

ಮಾರನೇ ದಿನ ಕಚೇರಿಗೆ ಹೋದೆ. ವಿಷಯ ನಿರ್ವಾಹಕರು ಒಳ್ಳೆಯವರೇ, ಕೂರಿಸಿ ಮಾತಾಡಿದರು. "ಮೇಡಂ, ಇದು ಎಲ್ಲರಿಗೂ ಬರುತ್ತೆ. ಸುಮ್ನೆ ಒಪ್ಪಿಗೆ ಬರೆದುಕೊಡಿ. ಇಲ್ಲಾಂದ್ರೆ ಪಿಂಚಣಿ ಕಡತ ಮುಂದಕ್ಕೆ ಹೋಗಲ್ಲ. ಆಮೇಲೆ ನೀವೇ ಅಲೆದಾಡಬೇಕು" ಅಂದರು. ಬಿಳಿ ಹಾಳೆಯನ್ನೂ ಕೊಟ್ಟರು. ಪೆನ್ನು ಕೈಯಲ್ಲಿ ಹಿಡಿದಿದ್ದೆ. ಯಾಕೋ ಏನೋ, "ಮನೇಲಿ ಕೇಳಿ ಬರ್ತೀನಿ" ಅಂತ ಎದ್ದುಬಂದೆ. ಈಗ ನೆನೆದರೆ ಎದೆ ಝಲ್ಲೆನ್ನುತ್ತದೆ. ಅವತ್ತು ಸಹಿ ಹಾಕಿದ್ದರೆ ಮುಂದಿನದು ಏನೂ ನಡೆಯುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಸಂಘದ ಹಿರಿಯ ಮೇಷ್ಟ್ರು ಸಿಕ್ಕರು. ನಿವೃತ್ತಿಯಾಗಿ ಎಂಟು ವರ್ಷ ಆಗಿದೆ, ಆದರೂ ಯಾರ ಕಡತ ಎಲ್ಲಿ ನಿಂತಿದೆ ಅನ್ನುವುದು ಅವರಿಗೆ ಬಾಯಿಪಾಠ. ನನ್ನ ಪತ್ರ ನೋಡಿ ಒಂದೇ ಮಾತು ಕೇಳಿದರು. "ಅಮ್ಮಾ, ರಫೀಕ್ ಮಸೀಹ್ ತೀರ್ಪು ಗೊತ್ತಾ?"

ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಸರ್ಕಾರಿ ಕೆಲಸ ಮಾಡಿದ ನನಗೆ ಅದು ಗೊತ್ತಿರಲಿಲ್ಲ. ನನ್ನಂಥವರು ಬಹಳ ಜನ ಇರಬಹುದು ಅನ್ನುವ ಕಾರಣಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಆ ತೀರ್ಪನ್ನು ಮಗಳು ಮೊಬೈಲಿನಲ್ಲಿ ಇಳಿಸಿಕೊಟ್ಟಳು. ಇಂಗ್ಲಿಷ್‌ನಲ್ಲಿತ್ತು. ಅವಳು ಓದಿ ಹೇಳುತ್ತಾ ಹೋದಳು, ನಾನು ನೋಟ್ಸ್ ಬರೆದುಕೊಂಡೆ. ಪಂಜಾಬ್ ಸರ್ಕಾರ ಒಂದು ಕಡೆ, ರಫೀಕ್ ಮಸೀಹ್ ಮತ್ತು ಅವರಂಥ ಹಲವರು ಇನ್ನೊಂದು ಕಡೆ. ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2014ರ ಡಿಸೆಂಬರ್ 18ರಂದು. ಪ್ರಕರಣದ ಹೆಸರಿನಲ್ಲೇ ರಫೀಕ್ ಮಸೀಹ್ ಅವರ ಕೆಲಸವೂ ಸೇರಿಕೊಂಡಿದೆ: ವೈಟ್ ವಾಷರ್. ಗೋಡೆಗೆ ಸುಣ್ಣ ಬಳಿಯುವ ಕೆಲಸ. ಅಲ್ಲಿಗೆ ನಾನು ಬರೆಯುವುದನ್ನು ನಿಲ್ಲಿಸಿದೆ. ಆಗಸ್ಟ್ 15 ಹತ್ತಿರ ಬಂದಾಗ ನಮ್ಮ ಶಾಲೆಯ ಗೋಡೆಗೂ ಸುಣ್ಣ ಬಳಿಸುತ್ತಿದ್ದೆವು. ಮೈಮೇಲೆಲ್ಲ ಬಿಳಿ ಚುಕ್ಕೆ ಬಿದ್ದ ಆ ಕೆಲಸಗಾರರ ಮುಖ ಕಣ್ಣ ಮುಂದೆ ಬಂತು. ಅಂಥ ಒಬ್ಬ ಮನುಷ್ಯನ ಹೆಸರಿನ ತೀರ್ಪು ದೇಶದ ಎಲ್ಲ ಸಣ್ಣ ನೌಕರರ ಬೆನ್ನಿಗೆ ನಿಂತಿದೆ.

ತೀರ್ಪಿನ ತಿರುಳು ಐದು ಸಂದರ್ಭಗಳಲ್ಲಿದೆ. ಇಂಥ ಸಂದರ್ಭಗಳಲ್ಲಿ ತಪ್ಪಾಗಿ ಕೊಟ್ಟ ಹೆಚ್ಚುವರಿ ಹಣವನ್ನು ಸರ್ಕಾರ ನೌಕರರಿಂದ ವಸೂಲಿ ಮಾಡುವಂತಿಲ್ಲ. ಸಿ ಮತ್ತು ಡಿ ಗುಂಪಿನ, ಅಂದರೆ ಕೆಳಹಂತದ, ನೌಕರರಿಂದ ಮಾಡುವಂತಿಲ್ಲ. ನಿವೃತ್ತರಾದವರಿಂದ, ಇಲ್ಲವೇ ವಸೂಲಿ ಆದೇಶದಿಂದ ಒಂದು ವರ್ಷದ ಒಳಗೆ ನಿವೃತ್ತರಾಗುವವರಿಂದ ಮಾಡುವಂತಿಲ್ಲ. ವಸೂಲಿ ಆದೇಶಕ್ಕೂ ಮುಂಚೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಹಾಗೆ ಕೊಟ್ಟುಕೊಂಡು ಬಂದಿದ್ದರೂ ಮಾಡುವಂತಿಲ್ಲ. ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡು ಅದರ ಸಂಬಳ ಕೊಟ್ಟಿದ್ದರೆ ಅದನ್ನೂ ವಾಪಸ್ ಕೇಳುವಂತಿಲ್ಲ. ಕೊನೆಯದಾಗಿ, ವಸೂಲಿ ಮಾಡುವುದು ತೀರಾ ಅನ್ಯಾಯ, ಕ್ರೂರ ಅಂತ ಕೋರ್ಟಿಗೆ ಕಂಡರೆ ಅಲ್ಲೂ ಇಲ್ಲ. ಮಗಳು ಪೆನ್ಸಿಲಿನಲ್ಲಿ ಗುರುತು ಹಾಕಿದಳು. ನಾನು ಸಿ ಗುಂಪು. ಹತ್ತು ವಾರದಲ್ಲಿ ನಿವೃತ್ತಿ. ತಪ್ಪು ಆಗಿ ಹದಿನೆಂಟು ವರ್ಷ. ಐದರಲ್ಲಿ ಮೂರು ನನಗೇ ಹೇಳಿ ಬರೆಸಿದ ಹಾಗಿತ್ತು.

ಆದರೂ ಆ ನಾಚಿಕೆ ಪೂರ್ತಿ ಹೋಗಲಿಲ್ಲ. ಜನರ ತೆರಿಗೆ ದುಡ್ಡು ಅಲ್ವಾ? ಈ ಪ್ರಶ್ನೆ ನನ್ನೊಬ್ಬಳದಲ್ಲ, ಕೋರ್ಟನ್ನೂ ಕಾಡಿದೆ. 2012ರಲ್ಲಿ ಉತ್ತರಾಖಂಡದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ, ಇದು ಸಾರ್ವಜನಿಕರ ಹಣ, ತಪ್ಪಾಗಿ ಕೊಟ್ಟಿದ್ದರೆ ವಾಪಸ್ ತೆಗೆದುಕೊಳ್ಳಬಹುದು ಎಂದಿತ್ತು. ಬಿಹಾರದ ಶಿಕ್ಷಕರ ಇನ್ನೊಂದು ಪ್ರಕರಣದಲ್ಲಿ ಬಹಳ ನೇರವಾದ ಮಾತಿದೆ. ವಸೂಲಿ ಬೇಡ ಅಂತ ಕೋರ್ಟು ಹೇಳುವುದು ಆ ಹೆಚ್ಚುವರಿ ಹಣ ನೌಕರರ ಹಕ್ಕು ಅನ್ನುವ ಕಾರಣಕ್ಕಲ್ಲ, ಅವರು ಕಷ್ಟಕ್ಕೆ ಬೀಳಬಾರದು ಅನ್ನುವ ನ್ಯಾಯಬುದ್ಧಿಯಿಂದ. ಇದನ್ನು ಕೇಳಿದಾಗ ನನಗೆ ಸಮಾಧಾನವಾಯಿತು. ಆ ದುಡ್ಡು ನನ್ನದು ಅಂತ ನಾನು ವಾದಿಸಬೇಕಾಗಿರಲಿಲ್ಲ. ತಿಂಗಳ ಸಂಬಳ ಅಂತ ನಂಬಿ ಖರ್ಚು ಮಾಡಿದ್ದನ್ನು, ಮಕ್ಕಳ ಫೀಸಿಗೆ, ಅತ್ತೆಯ ಔಷಧಿಗೆ ಹೋದದ್ದನ್ನು, ಹದಿನೆಂಟು ವರ್ಷ ಆದ ಮೇಲೆ ಒಂದೇ ಏಟಿಗೆ ಕಿತ್ತುಕೊಳ್ಳಬೇಡಿ ಅಂತ ಕೇಳಬೇಕಿತ್ತು ಅಷ್ಟೇ.

ಮೇ ತಿಂಗಳ ಮೊದಲ ವಾರ ಮೇಷ್ಟ್ರು ಮತ್ತೆ ಫೋನ್ ಮಾಡಿದರು. ದನಿಯಲ್ಲೇ ಉತ್ಸಾಹ. ಮೇ 2ರಂದು ಸುಪ್ರೀಂ ಕೋರ್ಟಿನಿಂದ ಇನ್ನೊಂದು ತೀರ್ಪು ಬಂದಿತ್ತು. ಕೇರಳದ ಥಾಮಸ್ ಡೇನಿಯಲ್ ಅನ್ನುವ ಶಿಕ್ಷಕರದ್ದು. 1966ರಲ್ಲಿ ಕೆಲಸಕ್ಕೆ ಸೇರಿ 1999ರಲ್ಲಿ ನಿವೃತ್ತರಾದವರು. ಇನ್‌ಕ್ರಿಮೆಂಟ್ ತಪ್ಪಾಗಿ ಕೊಟ್ಟಿದ್ದೇವೆ, ವಾಪಸ್ ಕಟ್ಟಿ ಅಂತ ಅವರನ್ನೂ ಕೇಳಿದ್ದರು. ನೌಕರರ ಕಡೆಯಿಂದ ಮೋಸವಾಗಲಿ, ಸುಳ್ಳು ಮಾಹಿತಿಯಾಗಲಿ ಇಲ್ಲ, ಹಾಗಾಗಿ ವಸೂಲಿ ಸಲ್ಲ ಎಂದಿತು ಕೋರ್ಟು. ನಿವೃತ್ತಿಯಾಗಿ ಇಪ್ಪತ್ಮೂರು ವರ್ಷ ಕಳೆದ ಮೇಲೆ! ಅಷ್ಟು ವರ್ಷ ಆ ಮೇಷ್ಟ್ರು ಬಿಡದೆ ನಡೆದಿದ್ದಾರೆ. ಅವರು ನಡೆದು ಸವೆಸಿದ ದಾರಿಯಲ್ಲಿ ನಾನು ಸುಲಭವಾಗಿ ಹೋಗುತ್ತಿದ್ದೇನೆ ಅನ್ನಿಸಿ ಗಂಟಲು ಕಟ್ಟಿತು.

ಮೇ 10ರ ಸುಮಾರಿಗೆ ಮನವಿ ಬರೆದೆ. ಎರಡು ಪುಟ, ಕನ್ನಡದಲ್ಲೇ. ನಾನು ಸೇರಿದ ದಿನ, ನನ್ನ ಗುಂಪು, ನಿವೃತ್ತಿ ದಿನ, ತಪ್ಪು ನಡೆದ ವರ್ಷ, ಅದರಲ್ಲಿ ನನ್ನ ಪಾತ್ರ ಏನೂ ಇಲ್ಲ ಅನ್ನುವುದು, ಎರಡು ತೀರ್ಪಿನ ಹೆಸರು ಮತ್ತು ದಿನಾಂಕ. ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯ ಅಂತ ಸಂವಿಧಾನದ 141ನೇ ವಿಧಿ ಹೇಳುತ್ತದೆ. ಸರ್ಕಾರದ ಎಲ್ಲ ಅಧಿಕಾರಿಗಳೂ ಆ ಕೋರ್ಟಿಗೆ ನೆರವಾಗಿ ನಡೆಯಬೇಕು ಅಂತ 144ನೇ ವಿಧಿ ಹೇಳುತ್ತದೆ. ಈ ಎರಡನ್ನೂ ಸೇರಿಸಿದೆ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ದಯವಿಟ್ಟು ಇದನ್ನು ಮರೆಯಬೇಡಿ. ಮೊಹರು, ಸಹಿ, ದಿನಾಂಕ ಇರುವ ಸ್ವೀಕೃತಿ ಪ್ರತಿ ಇಲ್ಲದಿದ್ದರೆ ನೀವು ಕೊಟ್ಟ ಮನವಿಗೆ ಮುಂದೆ ಸಾಕ್ಷಿಯೇ ಇರುವುದಿಲ್ಲ.

ಉತ್ತರ ಬರಲಿಲ್ಲ. ಜೂನ್ 30ಕ್ಕೆ ಹಾರ ಹಾಕಿಸಿಕೊಂಡು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಮನೆಗೆ ಬಂದೆ. ಪಿಂಚಣಿ ಮಂಜೂರಾಯಿತು. ಡಿಸಿಆರ್‌ಜಿ ಬಂತು. ಅದರಲ್ಲಿ 1,21,480 ರೂಪಾಯಿ ಇರಲಿಲ್ಲ.

ವಿಚಾರಿಸಿದಾಗ ಹೊಸ ಮಾತೊಂದು ಬಂತು. "ಮೇಡಂ, 2018ರ ವೇತನ ಪರಿಷ್ಕರಣೆ ವೇಳೆ ನೀವೇ ಮುಚ್ಚಳಿಕೆ ಬರೆದುಕೊಟ್ಟಿದ್ದೀರಿ. ಜಾಸ್ತಿ ಪಾವತಿಯಾದರೆ ವಾಪಸ್ ಕಟ್ತೀನಿ ಅಂತ. ಅಂಥವರಿಗೆ ಆ ತೀರ್ಪು ಅನ್ವಯಿಸಲ್ಲ." ನನಗೆ ಕೈಕಾಲು ತಣ್ಣಗಾಯಿತು. ಆಗ ಸಾಲಾಗಿ ನಿಂತು ಏನೇನೋ ನಮೂನೆಗಳಿಗೆ ಸಹಿ ಹಾಕಿದ್ದೆವು. ಏನಿತ್ತು ಅಂತ ಯಾರು ಓದಿದ್ದರು? ಅವರು ಹೇಳಿದ ಮಾತಿಗೆ ಆಧಾರವೂ ಇತ್ತು. 2016ರಲ್ಲಿ ಜಗದೇವ್ ಸಿಂಗ್ ಅನ್ನುವವರ ಪ್ರಕರಣದಲ್ಲಿ, ಹೀಗೆ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದಕ್ಕೆ ಬದ್ಧರಾಗಿರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ತೀರ್ಪು ತೆರೆದ ಬಾಗಿಲನ್ನು ಇನ್ನೊಂದು ಅರ್ಧ ಮುಚ್ಚಿರುತ್ತದೆ ಅನ್ನುವುದು ಅವತ್ತು ಗೊತ್ತಾಯಿತು. ಒಂದೇ ತೀರ್ಪು ಹಿಡಿದುಕೊಂಡು ಧೈರ್ಯದಿಂದ ಹೋಗಬಾರದು.

ಮೇಷ್ಟ್ರು ಹೆದರಲಿಲ್ಲ. "ಕಾಗದ ತೋರಿಸಲಿ ಮೊದಲು" ಅಂದರು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನನ್ನ ಸೇವಾ ಪುಸ್ತಕದ ಎಲ್ಲ ಪುಟಗಳ ಪ್ರತಿ, 2018ರ ನಮೂನೆಯ ಪ್ರತಿ, ವಸೂಲಿ ಲೆಕ್ಕದ ಹಾಳೆ ಕೇಳಿದೆ. ಮೂವತ್ತು ದಿನಕ್ಕೆ ಎರಡು ದಿನ ಬಾಕಿ ಇರುವಾಗ ಬಂತು. ರಾತ್ರಿ ಊಟ ಬಿಟ್ಟು ಅದನ್ನೇ ತಿರುವಿದೆವು. 2018ರ ಕಾಗದದಲ್ಲಿ ನನ್ನ ಸಹಿ ಇತ್ತು. ಆದರೆ ಅದು ಹೊಸ ವೇತನ ಶ್ರೇಣಿ ಯಾವ ದಿನಾಂಕದಿಂದ ಬೇಕು ಅನ್ನುವ ಆಯ್ಕೆ ಪತ್ರ ಮಾತ್ರ. ವಾಪಸ್ ಕಟ್ಟುವ ಮಾತು ಎಲ್ಲೂ ಇರಲಿಲ್ಲ. ಸೇವಾ ಪುಸ್ತಕದ 2004ರ ಪುಟದಲ್ಲಿ ಆ ಇನ್‌ಕ್ರಿಮೆಂಟು ಬರೆದ ಕೈಬರಹ ಬೇರೆಯವರದ್ದು, ಸಹಿ ಬೇರೆಯವರದ್ದು. ನಡುವೆ ಎಷ್ಟೋ ಸಲ "ಪರಿಶೀಲಿಸಲಾಗಿದೆ" ಅಂತ ಕೆಂಪು ಶಾಯಿಯಲ್ಲಿ ಬರೆದಿತ್ತು. ಪರಿಶೀಲಿಸಿದವರಿಗೂ ಕಾಣದ ತಪ್ಪು ನನಗೆ ಹೇಗೆ ಕಾಣಬೇಕಿತ್ತು?

ಮುಂದಿನ ದಾರಿ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ನಾವೆಲ್ಲ ಕೆಎಟಿ ಅನ್ನುವುದು ಇದಕ್ಕೇ. ರಾಜ್ಯ ಸರ್ಕಾರಿ ನೌಕರರ ಸೇವಾ ತಕರಾರು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಅಲ್ಲಿಗೆ ಹೋಗುವ ಮುಂಚೆ ಇಲಾಖೆಗೆ ಮನವಿ ಕೊಟ್ಟಿರಬೇಕು. ಆರು ತಿಂಗಳು ಕಾದರೂ ಉತ್ತರ ಬರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನನ್ನ ಸ್ವೀಕೃತಿ ಪ್ರತಿಗೆ ಬೆಲೆ ಬಂದದ್ದು ಇಲ್ಲಿ. ಆ ಮೊಹರಿನ ದಿನಾಂಕದಿಂದಲೇ ಲೆಕ್ಕ ಶುರು.

ನಾವು ನೋಡಿದ ವಕೀಲರು ಸೇವಾ ಪ್ರಕರಣಗಳನ್ನೇ ನಡೆಸುವವರು. ಕಡತ ನೋಡಿ, "ಅಮ್ಮಾ, ಇನ್ನೊಂದು ಅಂಶ ನೀವು ಬರೆದೇ ಇಲ್ಲ. ವಸೂಲಿ ಮಾಡುವ ಮುಂಚೆ ನಿಮಗೆ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಿದ್ರಾ?" ಅಂದರು. ಕೇಳಿರಲಿಲ್ಲ. ಏಪ್ರಿಲ್‌ನ ಪತ್ರವೇ ತೀರ್ಮಾನ ಆಗಿತ್ತು. ಆಗ ಅವರು ಭಗವಾನ್ ಶುಕ್ಲಾ ಅನ್ನುವ ರೈಲ್ವೆ ಗಾರ್ಡಿನ ಕಥೆ ಹೇಳಿದರು. 1970ರಲ್ಲಿ ಅವರ ಮೂಲ ವೇತನ 190 ರೂಪಾಯಿ ಅಂತ ನಿಗದಿಯಾಗಿತ್ತು. 1991ರಲ್ಲಿ, ಇಪ್ಪತ್ತು ವರ್ಷ ಕಳೆದ ಮೇಲೆ, ಅದನ್ನು 1970ರಿಂದಲೇ ಅನ್ವಯವಾಗುವ ಹಾಗೆ 181 ರೂಪಾಯಿಗೆ ಇಳಿಸಿದರು. ಕೇಳದೆ, ಹೇಳದೆ. ತಿಂಗಳಿಗೆ ಒಂಬತ್ತು ರೂಪಾಯಿ ವ್ಯತ್ಯಾಸ. ಅದಕ್ಕಾಗಿ ಆ ಗಾರ್ಡು ಸುಪ್ರೀಂ ಕೋರ್ಟ್‌ವರೆಗೆ ಹೋದರು. 1994ರಲ್ಲಿ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಒಬ್ಬರಿಗೆ ನಷ್ಟವಾಗುವ ಆದೇಶ ಮಾಡುವ ಮುಂಚೆ ಅವರ ಮಾತು ಕೇಳಲೇಬೇಕು ಎಂದಿತು. ನಾನು ಕೆಲಸಕ್ಕೆ ಸೇರಿದ ವರ್ಷವೇ ಬಂದ ತೀರ್ಪು. ನನ್ನ ಇಡೀ ಸೇವೆಯುದ್ದಕ್ಕೂ ಅದು ನನ್ನ ಕಾವಲಿಗೆ ಇತ್ತು, ನನಗೆ ಗೊತ್ತಿರಲಿಲ್ಲ.

2023ರ ಜನವರಿಯಲ್ಲಿ ಅರ್ಜಿ ದಾಖಲಾಯಿತು. ಬೆಂಗಳೂರಿನಲ್ಲಿ ನ್ಯಾಯಮಂಡಳಿ ಇರುವುದು ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ. ನಮ್ಮೂರಿಂದ ಬಸ್ಸಿನಲ್ಲಿ ಮೂರು ಗಂಟೆ. ಬೆಳಗಿನ ಮೊದಲ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು, ಇಡ್ಲಿ ತಿಂದು, ಇಬ್ಬರೂ ನಡೆದೇ ಹೋಗುತ್ತಿದ್ದೆವು. ಪ್ರತಿ ಸಲ ನಾವು ಬರಲೇಬೇಕು ಅಂತೇನೂ ಇರಲಿಲ್ಲ, ವಕೀಲರು ಸಾಕು. ಆದರೆ ನನಗೆ ನೋಡಬೇಕಿತ್ತು. ನನ್ನ ಹೆಸರು ಕೂಗುವಾಗ ನಾನು ಅಲ್ಲಿರಬೇಕು ಅನ್ನಿಸುತ್ತಿತ್ತು.

ಸಿನಿಮಾದ ಕೋರ್ಟಿನ ಹಾಗೆ ಏನೂ ಇರಲಿಲ್ಲ. ಒಂದು ಪ್ರಕರಣಕ್ಕೆ ಎರಡು ನಿಮಿಷ, ಮೂರು ನಿಮಿಷ. ನೋಟಿಸ್ ಜಾರಿಯಾಗಿದೆಯೇ, ಆಕ್ಷೇಪಣೆ ಸಲ್ಲಿಸಿದ್ದೀರಾ, ಕಾಲಾವಕಾಶ ಬೇಕೇ, ಮುಂದಿನ ದಿನಾಂಕ. ಆ ವರ್ಷವೆಲ್ಲ ಹೀಗೇ ಕಳೆಯಿತು. ಹೊರಗಿನ ಬೆಂಚಿನಲ್ಲಿ ಕೂತವರ ಜೊತೆ ಮಾತಾಡಿದ್ದೇ ನನಗೆ ದೊಡ್ಡ ಪಾಠ. ಬಡ್ತಿ ತಪ್ಪಿದವರು, ವರ್ಗಾವಣೆಯಿಂದ ನೊಂದವರು, ಗಂಡ ತೀರಿಕೊಂಡ ಮೇಲೆ ಅನುಕಂಪದ ಕೆಲಸಕ್ಕೆ ಕಾಯುತ್ತಿರುವ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಬ್ಬ ನಿವೃತ್ತ ನರ್ಸಮ್ಮ ಡಿಸೆಂಬರ್ 17ರಂದು ಪಿಂಚಣಿದಾರರ ದಿನ ಯಾಕೆ ಆಚರಿಸುತ್ತಾರೆ ಅಂತ ಹೇಳಿಕೊಟ್ಟರು. 1982ರಲ್ಲಿ ಅದೇ ದಿನ ನಕಾರಾ ಪ್ರಕರಣದ ತೀರ್ಪು ಬಂದದ್ದು. ಪಿಂಚಣಿ ಅಂದರೆ ಸರ್ಕಾರ ದೊಡ್ಡ ಮನಸ್ಸು ಮಾಡಿ ಕೊಡುವ ದಾನ ಅಲ್ಲ, ದುಡಿದವರ ಹಕ್ಕು ಅಂತ ಐವರು ನ್ಯಾಯಮೂರ್ತಿಗಳು ಹೇಳಿದ ದಿನ. "ನಾವು ಬೇಡೋಕೆ ಬಂದಿಲ್ಲ ಕಣಮ್ಮಾ" ಅಂದರು ಆಕೆ, ನನ್ನ ಕೈ ಹಿಡಿದು.

ಇಲಾಖೆಯ ಆಕ್ಷೇಪಣೆಯಲ್ಲಿ ಎರಡೇ ಮಾತು. ಸಾರ್ವಜನಿಕ ಹಣ, ಮತ್ತು ಮುಚ್ಚಳಿಕೆ. ನಮ್ಮ ವಕೀಲರು ಮಾಹಿತಿ ಹಕ್ಕಿನಲ್ಲಿ ಬಂದ ಆಯ್ಕೆ ಪತ್ರವನ್ನು ಮುಂದಿಟ್ಟು, ಇದರಲ್ಲಿ ಮುಚ್ಚಳಿಕೆ ಎಲ್ಲಿದೆ ತೋರಿಸಿ ಅಂದರು. ಇನ್ನೊಂದನ್ನೂ ಹೇಳಿದರು. ಜಗದೇವ್ ಸಿಂಗ್ ಒಬ್ಬ ನ್ಯಾಯಾಂಗ ಅಧಿಕಾರಿ, ಬರೆದುಕೊಟ್ಟದ್ದರ ಅರ್ಥ ತಿಳಿದವರು, ಅವರು ನಿಜವಾಗಿ ಬರೆದುಕೊಟ್ಟಿದ್ದರು. ಇಲ್ಲಿ ಇರುವುದು ಪ್ರಾಥಮಿಕ ಶಾಲೆಯ ಶಿಕ್ಷಕಿ, ತಪ್ಪು ನಡೆದದ್ದು 2004ರಲ್ಲಿ, ಕಾಗದ 2018ರದ್ದು. ಸರ್ಕಾರಿ ವಕೀಲರು ಕಡತ ತಿರುವಿದರು. ಮುಚ್ಚಳಿಕೆ ಸಿಗಲಿಲ್ಲ.

2024ರ ಫೆಬ್ರವರಿಯಲ್ಲಿ ಆದೇಶ ಬಂತು. ವಸೂಲಿ ರದ್ದು. ಕಟಾಯಿಸಿದ ಹಣವನ್ನು ಮೂರು ತಿಂಗಳಲ್ಲಿ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಆದರೆ ತಪ್ಪಾದ ಇನ್‌ಕ್ರಿಮೆಂಟನ್ನು ಸರಿಪಡಿಸಿ, ಸರಿಯಾದ ವೇತನದ ಮೇಲೆ ಪಿಂಚಣಿ ಲೆಕ್ಕ ಹಾಕಿದ್ದನ್ನು ಮುಟ್ಟಲಿಲ್ಲ. ನನ್ನ ಪಿಂಚಣಿ ತಿಂಗಳಿಗೆ ಕೆಲವು ನೂರು ರೂಪಾಯಿ ಕಡಿಮೆಯೇ ಉಳಿಯಿತು. ಅದಕ್ಕೂ ಹೋರಾಡೋಣ ಅಂತ ಒಬ್ಬಿಬ್ಬರು ಹೇಳಿದರು. ನಾನು ಬೇಡ ಅಂದೆ. ಹಿಂದಿನದನ್ನು ಕೀಳಬಾರದು, ಮುಂದಿನದನ್ನು ಸರಿ ಮಾಡಬಹುದು. ಇದು ನನಗೆ ನ್ಯಾಯ ಅಂತಲೇ ಕಂಡಿತು. ಏಪ್ರಿಲ್‌ನ ಆ ರಾತ್ರಿಯ ನಾಚಿಕೆ ಹೋದದ್ದು ಆದೇಶದ ಆ ಸಾಲು ಓದಿದ ಮೇಲೆ.

ಆದೇಶ ಬಂದ ಕೂಡಲೇ ಹಣ ಬರುವುದಿಲ್ಲ. ದೃಢೀಕೃತ ಪ್ರತಿ ತೆಗೆದುಕೊಂಡು, ಮತ್ತೊಂದು ಪತ್ರದ ಜೊತೆ ಕಚೇರಿಗೆ ಕೊಟ್ಟು, ಮತ್ತೆ ಮೊಹರು ಹಾಕಿಸಿಕೊಂಡೆ. ಹೈಕೋರ್ಟಿಗೆ ಹೋಗಬೇಕೇ ಬೇಡವೇ ಅಂತ ಅಭಿಪ್ರಾಯ ಕೇಳಿದ್ದೇವೆ ಅಂದರು. ಅವರಿಗೆ ಆ ಅವಕಾಶ ಇದೆ. ನ್ಯಾಯಮಂಡಳಿಯ ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಅಂತ 1997ರ ಚಂದ್ರಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೂರು ತಿಂಗಳು ಮುಗಿಯಿತು. ಆದೇಶ ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬೇಕಾಗುತ್ತದೆ ಅಂತ ವಕೀಲರು ಮೆತ್ತಗಿನ ಭಾಷೆಯಲ್ಲೇ ಒಂದು ನೋಟಿಸ್ ಕಳಿಸಿದರು. ಜೂನ್ ಕೊನೆಯ ವಾರ ಬ್ಯಾಂಕಿನಿಂದ ಮೆಸೇಜ್ ಬಂತು. ನಾನು ಸೊಪ್ಪು ಬಿಡಿಸುತ್ತಾ ಕೂತಿದ್ದೆ. ನಮ್ಮನೆಯವರನ್ನು ಕರೆದು ಫೋನು ಕೊಟ್ಟೆ, ಮಾತು ಹೊರಡಲಿಲ್ಲ.

ಮೊದಲು ಫೋನ್ ಮಾಡಿದ್ದು ಮೇಷ್ಟ್ರಿಗೆ. ಅವರು ಸಂತೋಷಪಟ್ಟು, ತಕ್ಷಣವೇ ಹೇಳಿದರು: "ನಿಮ್ಮ ಆದೇಶದ ಹತ್ತು ಜೆರಾಕ್ಸ್ ಮಾಡಿಸಿ ಇಟ್ಕೊಳ್ಳಿ. ಬೇಕಾಗುತ್ತೆ."

ಬೇಕಾಯಿತು. ಪಕ್ಕದ ಊರಿನ ಶಾಲೆಯಲ್ಲಿ ಜವಾನರಾಗಿದ್ದವರು ಕಳೆದ ತಿಂಗಳು ಮನೆಗೆ ಬಂದಿದ್ದರು. ಡಿ ಗುಂಪು, ನಿವೃತ್ತಿಯಾಗಿ ಒಂದು ವರ್ಷ, ಅದೇ ಒಂದೂವರೆ ಪುಟದ ಪತ್ರ. ಮೊತ್ತ 64 ಸಾವಿರ ಚಿಲ್ಲರೆ. ಅವರ ಹೆಂಡತಿಯೂ ಬಂದಿದ್ದರು, ಬಾಗಿಲ ಹತ್ತಿರವೇ ನಿಂತಿದ್ದರು. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ. "ಯಾವುದಕ್ಕಾದರೂ ಸಹಿ ಹಾಕಿದ್ದೀರಾ?" ಅಂತ ಕೇಳಿದೆ. "ಇಲ್ಲ ಮೇಡಂ, ಹಾಕಿ ಅಂತಿದ್ದಾರೆ" ಅಂದರು. ಅವತ್ತೇ ಕೂತು ಮನವಿ ಬರೆದೆವು. ರಫೀಕ್ ಮಸೀಹ್ ಹೆಸರು ಬರೆಯುವಾಗ ಅವರು ಯಾರು ಅಂತ ಕೇಳಿದರು. ಸುಣ್ಣ ಬಳಿಯುವವರು ಅಂದೆ. ಅವರು ಸ್ವಲ್ಪ ಹೊತ್ತು ಆ ಹೆಸರನ್ನೇ ನೋಡುತ್ತಾ ಕೂತರು.

ಮಾರನೇ ದಿನ ನಾನೂ ಜೊತೆಗೆ ಹೋಗಿ ಟಪಾಲಿನಲ್ಲಿ ಕೊಟ್ಟು ಬಂದೆ. ಮೊಹರು ಹಾಕಿಸಿದ ಪ್ರತಿ ಅವರ ಹತ್ತಿರ ಇದೆ, ಒಂದು ಜೆರಾಕ್ಸ್ ನನ್ನ ಹತ್ತಿರ. ಬರುವ ಸೋಮವಾರಕ್ಕೆ ಮೂವತ್ತು ದಿನ ಆಗುತ್ತದೆ. ಮತ್ತೆ ಹೋಗಬೇಕು.